ಗೇರ್ ಹೋಗಿದೆ ಅಂದುಕೊಂಡಿದ್ದೆ, ಹೋಗಿದ್ದು ಸ್ಪ್ರಾಕೆಟ್

ಉಡುಪಿಯ ಕಿನ್ನಿಮುಲ್ಕಿ ಕಡೆ ಒಂದು ಸಣ್ಣ ಬೈಕ್ ಗ್ಯಾರೇಜ್. ಶೀಟಿನ ಮಾಡು, ಎರಡು ಬೈಕ್ ನಿಲ್ಲಿಸಿದರೆ ಮೂರನೆಯದಕ್ಕೆ ಜಾಗ ಇಲ್ಲ.

ನನ್ನ ಬೈಕ್ ಮಣಿಪಾಲದ ಏರು ಹತ್ತುವಾಗ ಕಟಕ್ ಕಟಕ್ ಅಂತ ಜಾರುತ್ತಿತ್ತು. ಮೊದಲು ತೋರಿಸಿದ ಕಡೆ ಗೇರ್ ಬಾಕ್ಸೇ ಬಿಚ್ಚಬೇಕು ಅಂದರು, ಹೇಳಿದ ರೇಟಿಗೆ ಎದೆ ಧಸಕ್ ಅಂತು. ಇಲ್ಲಿನ ಮೆಕ್ಯಾನಿಕ್ ಹಿಂದಿನ ಚಕ್ರದ ಹತ್ತಿರ ಚೈನನ್ನು ಬೆರಳಲ್ಲಿ ಎಳೆದರು, ಅದು ತಾನು ಕೂತಿದ್ದ ಹಲ್ಲಿನ ಚಕ್ರದಿಂದ ಎದ್ದು ಬಂತು. ಹಲ್ಲುಗಳೆಲ್ಲ ಕೊಕ್ಕೆಯ ಹಾಗೆ ಬಾಗಿದ್ದವು. "ಗೇರಿಗೆ ಎಂತ ಸಾ ಆಗ್ಲಿಲ್ಲ ಮಾರಾಯ್ರೆ, ಸ್ಪ್ರಾಕೆಟ್ ಹೋಗಿದೆ."

ನನಗೆ ಹಲ್ಲಿರೋ ಚಕ್ರ ಎಲ್ಲ ಗೇರೇ. ಅವರು ಗುಜರಿ ಡಬ್ಬದಿಂದ ಎರಡು ಹಳೇ ಪಾರ್ಟ್ ತೆಗೆದು ಕೈಗೆ ಕೊಟ್ಟರು. ಗೇರಿನ ಹಲ್ಲು ದಪ್ಪ, ಎರಡೂ ಬದಿ ಸ್ವಲ್ಪ ಉಬ್ಬು, ಅದು ಇನ್ನೊಂದು ಗೇರಿನ ಹಲ್ಲಿಗೇ ನೇರ ಸಿಕ್ಕಿಕೊಂಡು ತಿರುಗಬೇಕು, ಹಾಗಾಗಿ ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಸ್ಪ್ರಾಕೆಟ್ ತೆಳ್ಳಗೆ, ಹಲ್ಲುಗಳ ನಡುವೆ ಚೈನಿನ ರೋಲರ್ ಕೂರೋಕೆ ದುಂಡಗಿನ ಗುಳಿ. ಇಂಜಿನ್ ಕಡೆಯ ಮುಂದಿನ ಸ್ಪ್ರಾಕೆಟ್ಟೂ ಹಿಂದಿನ ಚಕ್ರದ್ದೂ ಒಂದಕ್ಕೊಂದು ತಾಗುವುದೇ ಇಲ್ಲ, ಅಷ್ಟು ದೂರ ಇದ್ದರೂ ಚೈನ್ ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಹಾಗಾದರೆ ಇವೆರಡೂ ಗೇರಾಗಿ ತಾಗಿಕೊಂಡಿದ್ದರೆ ಬೈಕ್ ಹಿಂದಕ್ಕೆ ಹೋಗುತ್ತಿತ್ತಾ ಅಂತ ಕೇಳಿದೆ, ನಕ್ಕರು.

ಬರೀ ಚೈನ್ ಹಾಕಿ ಸಾಕು ಅಂದೆ. ಒಪ್ಪಲೇ ಇಲ್ಲ. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಅದೂ ಬೇಗ ಹಾಳು, ಚೈನ್, ಎರಡು ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೆ ಬದಲಿಸಬೇಕಂತೆ. ನನ್ನದರಲ್ಲಿ ಮುಂದೆ 14 ಹಲ್ಲು, ಹಿಂದೆ 42. ಹಿಂದಿನದು ಒಂದು ಸುತ್ತು ಬರುವಾಗ ಮುಂದಿನದು 3 ಸುತ್ತು, ಅದಕ್ಕೇ ಅದು ಬೇಗ ಸವೆಯುತ್ತದೆ. ಗೇರುಗಳು ಮುಚ್ಚಿದ ಬಾಕ್ಸಿನೊಳಗೆ ಆಯಿಲ್‌ನಲ್ಲಿ ಆರಾಮವಾಗಿರುತ್ತವೆ, ಚೈನ್ ಪಾಪ ನಮ್ಮ ಮಳೆ, ಕೆಂಪು ಕೆಸರು, ಮಲ್ಪೆಯ ಉಪ್ಪುಗಾಳಿ ಎಲ್ಲ ತಿನ್ನಬೇಕು. ನಾನು ಎಣ್ಣೆ ಹಾಕದೆ ಎಷ್ಟೋ ತಿಂಗಳಾಗಿತ್ತು, ಅದಕ್ಕೂ ಬೈಸಿಕೊಂಡೆ.

ಚೈನ್ ಸ್ವಲ್ಪ ಸಡಿಲ ಬಿಟ್ಟಿದ್ದು ನೋಡಿ ಇನ್ನೂ ಬಿಗಿ ಮಾಡಿ ಅಂದೆ. ಸೀಟಿನ ಮೇಲೆ ಕೂರಿಸಿ ತೋರಿಸಿದರು: ಭಾರ ಬಿದ್ದ ಕೂಡಲೇ ಅದೇ ಬಿಗಿಯಾಯಿತು.

ಸೆಟ್ಟು, ಕೂಲಿ ಸೇರಿ 1,850 ರೂಪಾಯಿ. ಈಗ ಏರಲ್ಲಿ ಸದ್ದೇ ಇಲ್ಲ. ಆದರೆ ಅರ್ಧ ಗಂಟೆ ಅಂದಿದ್ದು ಮಧ್ಯಾಹ್ನದವರೆಗೆ ಎಳೆಯಿತು, ಫೋನ್ ಮಾಡಿದರೆ ಎತ್ತುವುದಿಲ್ಲ, ಕೂರೋಕೆ ಒಂದು ಹಳೇ ಟಯರ್ ಮಾತ್ರ. ಒಂದು ಸ್ಟಾರ್ ಕಮ್ಮಿ ಕೊಟ್ಟಿದ್ದು ಇದಕ್ಕೇ.