ಇಟಾ ಏರ್‌ವೇಸ್, ಮಿಲಾನ್–ರೋಮ್: ಸರ್ವಿಸ್ ಪರ್ವಾಗಿಲ್ಲ, ಕಂಪನಿ ಜಾತಕ ಮಾತ್ರ ಕೇಳ್ಬೇಡಿ

ಮಿಲಾನಿಂದ ರೋಮ್‌ಗೆ ಫ್ಲೈಟಾ ಟ್ರೈನಾ ಅಂತ ನಮ್ಮೋರು ಕೇಳ್ತಾನೇ ಇರ್ತಾರೆ, ಅದಕ್ಕೆ ಬರೀತಿದೀನಿ. ಲಿನಾತೆ ಏರ್‌ಪೋರ್ಟ್ ಊರಿಗೆ ಅಂಟ್ಕೊಂಡೇ ಇದೆ, ಎಂ4 ಮೆಟ್ರೋ ಹತ್ತಿದ್ರೆ ಊರ ಮಧ್ಯದ ಸಾನ್ ಬಾಬಿಲಾದಿಂದ ಕಾಲು ಗಂಟೆ ಒಳಗೇ ಇಳೀತೀರಿ. ಇಟಾ ಅನ್ನೋ ಈ ಇಟಲಿ ಕಂಪನಿಯ ವಿಮಾನ ನೀಲಿ ಬಣ್ಣ, ಬಾಲದ ಮೇಲೆ ಇಟಲಿ ಬಾವುಟದ ಪಟ್ಟೆ, ಇಟಲಿ ಆಟಗಾರರ ಹೆಸರು ಬೇರೆ ಇಟ್ಟಿದಾರೆ. ಇಷ್ಟು ಚಿಕ್ಕ ಹಾರಾಟದಲ್ಲೂ ಬಾಯಾಡ್ಸೋಕೆ, ಕುಡಿಯೋಕೆ ಏನೋ ಒಂದು ಪುಕ್ಸಟ್ಟೆ ಕೊಡ್ತಾರೆ. ಲೈಟ್ ಟಿಕೆಟ್ ತಗೊಂಡ್ರೆ ಮಾತ್ರ ಬರೀ ಕೈ ಬ್ಯಾಗು, ನೋಡ್ಕೊಂಡು ಬುಕ್ ಮಾಡಿ.

ಈಗ ಜಾತಕ. ಇದು ಇಟಲಿಯ ಹಳೇ ವಿಮಾನ ಕಂಪನಿ ಆಲಿಟಾಲಿಯಾದ ಜಾಗದಲ್ಲಿ 2021ರ ಅಕ್ಟೋಬರ್ 15ಕ್ಕೆ ಶುರುವಾದ ಸರ್ಕಾರಿ ಕಂಪನಿ. 2008ರಲ್ಲಿ ಆಲಿಟಾಲಿಯಾ ಮುಳುಗ್ತಿದ್ದಾಗ ಸರ್ಕಾರ 300 ಮಿಲಿಯನ್ ಯೂರೋ ಸಾಲ ಕೊಡ್ತು, ಯುರೋಪಿಯನ್ ಕಮಿಷನ್‌ನೋರು (ಯುರೋಪಿಯನ್ ಒಕ್ಕೂಟದ ಆಡಳಿತ) ಇದು ಅಕ್ರಮ ಸರ್ಕಾರಿ ನೆರವು, ವಾಪಸ್ ವಸೂಲಿ ಮಾಡಿ ಅಂದ್ರು, ಆದ್ರೆ ವಸೂಲಿ ಹಳೇ ಕಂಪನಿಯಿಂದ ಮಾತ್ರ, ಆಸ್ತಿ ಕೊಂಡು ಆಲಿಟಾಲಿಯಾ ಹೆಸರಲ್ಲೇ ಹಾರಿಸಿದ ಹೊಸಬರಿಗೆ ತಟ್ಟಲ್ಲ. ಈ ಹೊಸ ಆಲಿಟಾಲಿಯಾಗೂ 2017ರಲ್ಲಿ ಮತ್ತೆ 900 ಮಿಲಿಯನ್ ಸಾಲ, 2021ರ ಸೆಪ್ಟೆಂಬರ್‌ನಲ್ಲಿ ಅದೂ ಅಕ್ರಮ ಅಂತ ಆಯ್ತು, ಅವತ್ತೇ ಇಟಾಗೆ ಈ ಬಾಕಿ ಸಂಬಂಧ ಇಲ್ಲ ಅಂತಾನೂ ಹೇಳಿ, ಸರ್ಕಾರ ಇಟಾಗೆ ಹಾಕೋ 1.35 ಬಿಲಿಯನ್ ಬಂಡವಾಳಕ್ಕೂ ಸೈ ಅಂದ್ರು! ಬಾಡಿಗೆ ಬಾಕಿ ಇಟ್ಟು ಬೋರ್ಡ್ ಬದ್ಲಾಯ್ಸೋ ಹೋಟ್ಲಿನ ಥರ. (ನಾವೇನು ಕಮ್ಮಿ ಇಲ್ಲ ಬಿಡಿ, ಏರ್ ಇಂಡಿಯಾ ಟಾಟಾಗೆ ಹೋದಾಗ್ಲೂ ಸಾಲದ ದೊಡ್ಡ ಪಾಲು ಸರ್ಕಾರದ ತಲೆ ಮೇಲೇ ಉಳೀತು.)

ಪ್ರಯಾಣಿಕರಿಗೆ ಇದ್ರಿಂದ ಏನಾಯ್ತು ಅಂದ್ರೆ, 2008ರಲ್ಲೇ ಆಲಿಟಾಲಿಯಾ ಮತ್ತೆ ಅದರ ಪ್ರತಿಸ್ಪರ್ಧಿ ಏರ್ ಒನ್ ಒಂದಾಗೋಕೆ ಅಡ್ಡಿ ಬರದಂಗೆ ಸರ್ಕಾರ ಕಾನೂನನ್ನೇ ತಿದ್ದಿತು, ಅದ್ರಿಂದ ಲಿನಾತೆ–ರೋಮ್ ಹೆಚ್ಚುಕಮ್ಮಿ ಒಬ್ಬರದ್ದೇ ರಾಜ್ಯ ಆಯ್ತು. 2012ರಲ್ಲಿ ಕಾಂಪಿಟಿಷನ್ ಪ್ರಾಧಿಕಾರ ಸ್ವಲ್ಪ ಸ್ಲಾಟ್ (ವಿಮಾನ ಇಳಿಸೋ-ಏರಿಸೋ ಸಮಯದ ಹಕ್ಕು) ಬಿಡಿಸ್ತು, ಕಡಿಮೆ ದರದ ಕಂಪನಿ ಈಸಿಜೆಟ್ ಬಂತು, ಬಾಳಾ ದಿನ ನಿಲ್ಲಲಿಲ್ಲ. 2025ರ ಜನವರಿಯಲ್ಲಿ ಜರ್ಮನಿಯ ಲುಫ್ತಾನ್ಸಾ 325 ಮಿಲಿಯನ್ ಹಾಕಿ ಇಟಾದ 41% ತಗೊಳ್ಳೋವಾಗ್ಲೂ ಸ್ಲಾಟ್ ಬಿಟ್ಕೊಡ್ಬೇಕು ಅನ್ನೋ ಷರತ್ತಿತ್ತು, ಅದೂ ಈಸಿಜೆಟ್‌ಗೇ ಹೋಯ್ತು. ಆ ಸ್ಲಾಟ್ ಮಧ್ಯ ಯುರೋಪ್ ರೂಟ್‌ಗಳಿಗೆ, ಆ ಕಡೆ ಹೋಗೋರಿಗೆ ಲಾಭ, ಒಪ್ತೀನಿ. ಆದ್ರೆ ರೋಮ್ ರೂಟ್‌ನಲ್ಲಿ ಇವರನ್ನ ನಿಜವಾಗಿ ಬೆವರಿಳಿಸಿದ್ದು ರೈಲು, ಸರ್ಕಾರಿ ಹೈಸ್ಪೀಡ್ ರೈಲು ಫ್ರೆಚ್ಚಾರೊಸ್ಸಾ ಮೊದಲೇ ಇತ್ತು, 2012ರಲ್ಲಿ ಖಾಸಗಿ ರೈಲು ಇಟಾಲೋನೂ ಬಂದು ಇಬ್ಬರೂ ಪೈಪೋಟಿಗೆ ಬಿದ್ರು, ಊರ ಮಧ್ಯದಿಂದ ಊರ ಮಧ್ಯಕ್ಕೆ ಮೂರು ಗಂಟೆ ಚಿಲ್ಲರೆ.

ರೋಮ್‌ನ ಫಿಯುಮಿಚಿನೋ ಏರ್‌ಪೋರ್ಟಲ್ಲಿ ಮುಂದಿನ ಫ್ಲೈಟ್ ಹಿಡಿಯೋರಿಗೆ ಇಟಾ ಬೆಸ್ಟ್. ಬರೀ ರೋಮ್ ನೋಡೋಕೆ ಹೋಗೋರು ಟ್ರೈನ್ ಹತ್ತಿ, ಯಾಕಂದ್ರೆ ಏರ್‌ಪೋರ್ಟಿಂದ ಊರೊಳಗಿನ ತೆರ್ಮಿನಿ ಸ್ಟೇಷನ್‌ಗೆ ಮತ್ತೆ ಅರ್ಧ ಗಂಟೆ, ಅಲ್ಲಿಗೆ ಹೋಗೋ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲಿಗೆ 14 ಯೂರೋ ಬೇರೆ. 5ಕ್ಕೆ ಮೂರೂವರೆ, ಅದೂ ಸಿಬ್ಬಂದಿ ನಗುಮುಖಕ್ಕೆ.