ಹದಿನಾಲ್ಕು ತಿಂಗಳ ಆಕ್ಯುಪೇಷನಲ್ ಥೆರಪಿ: ಅಪ್ಪನ ಬಲಗೈಗೆ ಮುದ್ದೆ ಮರಳಿದ್ದು

ಪಾರ್ಶ್ವವಾಯು ಹೊಡೆದಾಗ ಅಪ್ಪನ ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದ್ದವು. ಆಸ್ಪತ್ರೆಯವರು ಮನೆಗೆ ಕಳಿಸುವಾಗ ಫಿಸಿಯೋಥೆರಪಿ ಮಾಡಿಸಿ ಎಂದಷ್ಟೇ ಹೇಳಿದರು. ಮೂರು ತಿಂಗಳಲ್ಲಿ ಅಪ್ಪ ಕೋಲೂರಿ ಅಂಗಳದವರೆಗೆ ನಡೆದರು. ಆದರೆ ಅಂಗಿ ತೊಡಿಸಲು, ತುತ್ತು ಇಡಲು ಅಮ್ಮನೇ ಬೇಕು. ಬಾಯಿ ತೆರೆಯುವಾಗಲೆಲ್ಲ ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಆಮೇಲೆ ನರರೋಗ ತಜ್ಞರೊಬ್ಬರು ಆಕ್ಯುಪೇಷನಲ್ ಥೆರಪಿ ಎಂದಾಗ, ಆಕ್ಯುಪೇಷನ್ ಎಂದರೆ ವೃತ್ತಿಯಲ್ಲವೇ, ನಿವೃತ್ತರಿಗೆ ಇನ್ನೆಂಥ ವೃತ್ತಿ ಎಂದುಕೊಂಡೆ. ಹಲ್ಲುಜ್ಜುವುದರಿಂದ ಹಿಡಿದು ದೇವರಿಗೆ ದೀಪ ಹಚ್ಚುವವರೆಗೆ ದಿನವಿಡೀ ಮಾಡುವುದೆಲ್ಲವೂ ಆ ಪದದೊಳಗೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮೊದಲು ಹೋದ ಕಡೆ ಫಲಕದ ತುಂಬ ಥೆರಪಿಗಳ ಹೆಸರು. ಕೈಗೆ ಎಣ್ಣೆ ತಿಕ್ಕಿ, ರಬ್ಬರ್ ಚೆಂಡು ಹಿಸುಕಿಸಿ ಕಳಿಸುತ್ತಿದ್ದರು. ಆರು ವಾರ ವ್ಯರ್ಥವಾಯಿತು. ನೀವು ಹುಡುಕುವಾಗ ಸಂಕೋಚಪಡದೆ ಥೆರಪಿಸ್ಟರ ಓದಿನ ಬಗ್ಗೆ ಕೇಳಿ. ಇದಕ್ಕೆಂದೇ ನಾಲ್ಕು ವರ್ಷಕ್ಕೂ ಮಿಗಿಲಾದ ಪದವಿ ಓದು ಇದೆ. 1952ರಿಂದಲೂ ಆಕ್ಯುಪೇಷನಲ್ ಥೆರಪಿಸ್ಟರದೇ ಅಖಿಲ ಭಾರತ ಸಂಘವಿದೆ, ಸದಸ್ಯರೇ ಎಂದು ವಿಚಾರಿಸಬಹುದು. ಮಂಡ್ಯದಲ್ಲಿ ನಮಗೆ ಯಾರೂ ಸಿಗದೆ ವಾರಕ್ಕೆರಡು ಸಲ ಮೈಸೂರಿಗೆ ಹೋಗಿಬಂದೆವು.

ಅಲ್ಲಿನ ಥೆರಪಿಸ್ಟ್ ಕೈ ಮುಟ್ಟುವ ಮೊದಲೇ ಕೇಳಿದರು: "ಅಪ್ಪಾಜಿ, ನಿಮ್ಮ ಕೈಯಾರೆ ಮಾಡಬೇಕು ಎನ್ನಿಸುವ ಕೆಲಸ ಯಾವುದು?" ಅಪ್ಪ ತಡವರಿಸುತ್ತ ಹೇಳಿದರು, "ಮುದ್ದೆ."

ಮುದ್ದೆ ತಿನ್ನುವುದರಲ್ಲಿ ಇಷ್ಟೊಂದು ಕೆಲಸ ಅಡಗಿದೆ ಎಂದು ಅಂದೇ ತಿಳಿದದ್ದು. ಬೆರಳು ಕೂಡಿ ತುತ್ತು ಮುರಿಯಬೇಕು, ಮಣಿಕಟ್ಟು ಹೊರಳಿ ಸಾರಿಗೆ ಅದ್ದಬೇಕು, ಮೊಣಕೈ ಮಡಿಸಿ ಬಾಯಿಗೆ ಒಯ್ಯಬೇಕು. ಅವರು ಒಂದೊಂದನ್ನೂ ಬಿಡಿಸಿ ಕಲಿಸಿದರು: ಕಲಸಿದ ಹಿಟ್ಟು ಚಿವುಟುವುದು, ಬಟ್ಟೆ ಕ್ಲಿಪ್ ಒತ್ತುವುದು, ಕಡಲೆಕಾಳು ಆಯುವುದು. ತಟ್ಟೆ ಜಾರದಂತೆ ಅದರ ಕೆಳಗೆ ಒದ್ದೆ ಬಟ್ಟೆ, ಚಮಚದ ಹಿಡಿಗೆ ದಪ್ಪ ಸುತ್ತು. ಅಂಗಿ ತೊಡುವಾಗ ಸೋತ ಕೈ ಮೊದಲು, ಬಿಚ್ಚುವಾಗ ಗಟ್ಟಿ ಕೈ ಮೊದಲು. ಒಮ್ಮೆ ಮನೆಗೇ ಬಂದು ಬಚ್ಚಲು ನೋಡಿ, ಗೋಡೆಗೆ ಹಿಡಿಕೆ ಎಲ್ಲಿ ಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಸೋತ ಕೈ ಹಿಡಿದೆಳೆದು ಎಬ್ಬಿಸಬೇಡಿ, ಭುಜದ ಕೀಲು ಜಾರುತ್ತದೆ ಎಂದು ಎಚ್ಚರಿಸಿದರು. ಅಲ್ಲಿಯವರೆಗೆ ನಾವು ಎಳೆದೇ ಎಬ್ಬಿಸುತ್ತಿದ್ದೆವು.

ಖರ್ಚು ಹಗುರವಲ್ಲ, ನಮ್ಮ ವಿಮೆಯಿಂದ ಒಂದು ರೂಪಾಯಿಯೂ ಬರಲಿಲ್ಲ. ಮೊದಲೆರಡು ತಿಂಗಳು ಏನೂ ಬದಲಾದಂತೆ ಕಾಣದೆ ಬಿಟ್ಟುಬಿಡೋಣ ಎಂದೂ ಅನ್ನಿಸಿತ್ತು. ಎಲ್ಲರಿಗಿಂತ ಕಷ್ಟವಾದದ್ದು ಅಮ್ಮನಿಗೆ. "ನೀವು ಕೈ ಕಟ್ಟಿ ಕೂತರೇ ಅವರಿಗೆ ಉಪಕಾರ, ಅಮ್ಮ" ಎಂದಿದ್ದರು ಥೆರಪಿಸ್ಟ್.

ಎಂಟನೇ ತಿಂಗಳ ಒಂದು ಭಾನುವಾರ ಅಪ್ಪ ಬಲಗೈಯಲ್ಲಿ ತುತ್ತು ಮುರಿದು ಅವರೆಕಾಳು ಸಾರಿಗೆ ಅದ್ದಿದರು. ಅರ್ಧ ಸಾರು ಅಂಗಿಯ ಮೇಲೆ. ಒರೆಸಲು ಎದ್ದ ಅಮ್ಮ ಹಾಗೆಯೇ ಕುಳಿತುಬಿಟ್ಟರು.

ಈಗ ಊಟ, ಸ್ನಾನ ಎಲ್ಲವೂ ಅವರದೇ. ಕೊರಳ ಗುಂಡಿಯೊಂದು ಇನ್ನೂ ಬೆರಳಿಗೆ ಒಗ್ಗಿಲ್ಲ. ಈ ತಿಂಗಳ ಅಭ್ಯಾಸ ಅದೇ.