ಚೀಲದ ಯೂರಿಯಾ, ಬಾಟಲಿಯ ಯೂರಿಯಾ: ಒಂದೇ ಗದ್ದೆಯಲ್ಲಿ ಹಾಕಿ ನೋಡಿದ್ದು

ನ್ಯಾನೋ ಯೂರಿಯಾ, ಅಂದರೆ ನೀರಿಗೆ ಬೆರೆಸಿ ಎಲೆಗೆ ಹೊಡೆಯುವ ದ್ರವರೂಪದ ಯೂರಿಯಾ, ಅದರ ಬಾಟಲಿಯನ್ನು ನಾನಾಗಿ ಕೊಂಡಿದ್ದಲ್ಲ. ಎರಡು ಚೀಲ ಯೂರಿಯಾ ಕೇಳಿದೆ, ಅಂಗಡಿಯವರು ಬಿಲ್ಲಿಗೆ ಒಂದು ಬಾಟಲಿಯನ್ನೂ ಸೇರಿಸಿದರು. ಬೇಡ ಅಂದ್ರೆ ಚೀಲವೂ ಇಲ್ಲ. 225 ರೂಪಾಯಿ ಕೊಟ್ಟು ತಂದಿದ್ದನ್ನು ಕೊಟ್ಟಿಗೆಯಲ್ಲಿ ಸುಮ್ನೆ ಇಡೋಕೆ ಮನಸ್ಸು ಬರಲಿಲ್ಲ. ಹಾಕಿಯೇ ನೋಡೋಣ ಅಂದುಕೊಂಡೆ.

ಅದು 2024ರ ಮುಂಗಾರು. ಹಿಂದಿನ ವರ್ಷ ಬರದಿಂದ ಒದ್ದಾಡಿದ್ದೆವು. ಆ ವರ್ಷ ಕೆಆರ್‌ಎಸ್ ತುಂಬಿ, ವಿ.ಸಿ. ನಾಲೆಯಲ್ಲಿ ನೀರು ಬಂತು. 30 ಗುಂಟೆ ಗದ್ದೆಗೆ ಐಆರ್ 64 ಭತ್ತ ನಾಟಿ ಹಾಕಿಸಿದೆ. ಗದ್ದೆಯನ್ನು ಹತ್ತತ್ತು ಗುಂಟೆಯ ಮೂರು ಮಡಿ ಮಾಡಿ, ಒಂದರ ನೀರು ಇನ್ನೊಂದಕ್ಕೆ ಹೋಗದ ಹಾಗೆ ಬದು ಗಟ್ಟಿ ಮಾಡಿದೆ. ನಾಟಿ ಹೊತ್ತಿನ ಗೊಬ್ಬರ ಮೂರಕ್ಕೂ ಒಂದೇ. ಬದಲಾಗಿದ್ದು ಪೈರು ಬೆಳೆಯುವಾಗ ಕೊಡುವ ಮೇಲುಗೊಬ್ಬರ ಮಾತ್ರ.

ಮೊದಲ ಮಡಿಗೆ ಮಾಮೂಲಿ ಯೂರಿಯಾ. ತೆಂಡೆ ಒಡೆಯುವಾಗ ಐದೂವರೆ ಕೆ.ಜಿ., ಹೊಡೆ ಬರುವ ಮುಂಚೆ ಐದೂವರೆ ಕೆ.ಜಿ. ಎರಡನೇ ಮಡಿಗೆ ನ್ಯಾನೋ, ಎರಡು ಸಲ, ಸಲಕ್ಕೆ 125 ಮಿ.ಲೀ. ಮೂರನೇ ಮಡಿಯ ಐಡಿಯಾ ನಮ್ಮ ಚಿಕ್ಕಪ್ಪನದು. 'ಎಲೆಗೇ ಹೊಡೆಯೋದಾದ್ರೆ ಚೀಲದ ಯೂರಿಯಾನೇ ನೀರಲ್ಲಿ ಕರಗಿಸಿ ಹೊಡಿ, ನಾವು ಹಿಂದೆ ಹಾಗೇ ಮಾಡ್ತಿದ್ವಿ' ಅಂದರು. ಲೀಟರಿಗೆ 20 ಗ್ರಾಂ ಲೆಕ್ಕದಲ್ಲಿ 16 ಲೀಟರ್ ಕ್ಯಾನಿಗೆ 320 ಗ್ರಾಂ, ಮಡಿಗೆ ಮೂರು ಕ್ಯಾನು. ಇದೂ ಎರಡು ಸಲ.

ಇನ್ನೊಂದು ಕೆಲಸ ಮಾಡಿದೆ. ನ್ಯಾನೋ ಮಡಿಯ ಮೂಲೆಯಲ್ಲಿ ಒಂದು ಗುಂಟೆಗೆ ಸಣ್ಣ ಬದು ಹಾಕಿ, ಮೇಲುಗೊಬ್ಬರ ಏನೂ ಕೊಡದೆ ಬಿಟ್ಟೆ. ಮನೆಯಲ್ಲಿ ಬೈಸಿಕೊಂಡೆ. ಆದರೆ ಕೊನೆಗೆ ಜಾಸ್ತಿ ಕಲಿಸಿದ್ದು ಆ ಮೂಲೆಯೇ.

ಕೈಕೆಲಸದ ಮಾತು ಮೊದಲು. ಚೀಲದ ಯೂರಿಯಾ ಎರಚೋಕೆ ಹತ್ತು ನಿಮಿಷ ಸಾಕು. ಆದರೆ 45 ಕೆ.ಜಿ. ಚೀಲವನ್ನು ಬದುವಿನ ಮೇಲೆ ಹೊತ್ತು ತರೋದು ಯಾರಿಗೆ ಬೇಕು? ಬಾಟಲಿ ಜೇಬಲ್ಲೇ ಬರುತ್ತದೆ. ಈ ವಿಷಯದಲ್ಲಿ ನ್ಯಾನೋಗೆ ಪೂರ್ತಿ ಅಂಕ. ಆಮೇಲೆ ಕ್ಯಾನ್ ಹೊತ್ತು ಕೆಸರಲ್ಲಿ ನಡೆದಾಗ ಆ ಅಂಕ ಬೆನ್ನುನೋವಿಗೆ ಹೋಯಿತು. ಹೊಡೆದ 12 ಗಂಟೆಯೊಳಗೆ ಮಳೆ ಬಂದರೆ ಮತ್ತೆ ಹೊಡೀಬೇಕಂತೆ, ಹಾಗಾಗಿ ಮೋಡ ನೋಡಿಕೊಂಡು ಎರಡು ದಿನ ಕಾದೆ. ಯೂರಿಯಾ ನೀರಿನದು ಇನ್ನೊಂದು ಕಿರಿಕಿರಿ. ಈಗಿನ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಇರುತ್ತದಲ್ಲ, ಕರಗಿಸಿದರೆ ಜಿಡ್ಡು ತೇಲಿ ನಾಝಲ್ ಕಟ್ಟಿಕೊಳ್ಳುತ್ತದೆ. ಹಳೇ ಪಂಚೆಯಲ್ಲಿ ಸೋಸಿದ ಮೇಲೆ ಸರಿಹೋಯಿತು.

ನಾಟಿಯಾಗಿ 45 ದಿನಕ್ಕೆ ಎಲೆ ಬಣ್ಣದ ಪಟ್ಟಿ ಹಿಡಿದು ನೋಡಿದೆ. ಎಲೆ ಎಷ್ಟು ಕಡು ಹಸಿರೋ ಅಷ್ಟು ಸಾರಜನಕ ಸಿಕ್ಕಿದೆ ಅಂತ ತಿಳಿಸುವ ಪ್ಲಾಸ್ಟಿಕ್ ಪಟ್ಟಿ ಅದು. ಚೀಲದ ಮಡಿ 4ನೇ ಬಣ್ಣಕ್ಕೆ ಸರಿಯಾಗಿ ಕೂತಿತು. ನ್ಯಾನೋ ಮಡಿ 3. ಯೂರಿಯಾ ನೀರಿನದು ಎರಡರ ನಡುವೆ. ಏನೂ ಹಾಕದ ಮೂಲೆ? ಅದೂ 3. ಬದುವಿನ ಈಚೆ ನಿಂತು ಆಚೆ ನಿಂತು ನೋಡಿದೆ, ಮಗನನ್ನು ಕರೆದು ತೋರಿಸಿದೆ. ಅವನಿಗೂ ವ್ಯತ್ಯಾಸ ಕಾಣಲಿಲ್ಲ.

ಆ ರಾತ್ರಿ ಬಾಟಲಿಯ ಚೀಟಿ ಓದುತ್ತಾ ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು. 45 ಕೆ.ಜಿ. ಚೀಲದಲ್ಲಿ ಸಾರಜನಕ ಶೇ. 46, ಅಂದರೆ 20 ಕೆ.ಜಿ. 700 ಗ್ರಾಂ. ಅರ್ಧ ಲೀಟರ್ ಬಾಟಲಿಯಲ್ಲಿ ಶೇ. 4, ಅಂದರೆ 20 ಗ್ರಾಂ. ಒಂದು ಬಾಟಲಿ ಒಂದು ಚೀಲಕ್ಕೆ ಸಮ ಅಂತ ಪ್ರಚಾರ. ಲೆಕ್ಕದಲ್ಲಿ ಸಾವಿರ ಪಟ್ಟು ಕಡಿಮೆ!

ಅದಕ್ಕೆ ಬಾಟಲಿ ಮಾಡುವವರ ಉತ್ತರ ಇದೆ, ಅದನ್ನೂ ಹೇಳಬೇಕು. ಗದ್ದೆಗೆ ಎರಚಿದ ಯೂರಿಯಾದಲ್ಲಿ ಅರ್ಧಕ್ಕಿಂತ ಜಾಸ್ತಿ ಆವಿಯಾಗಿ, ನೀರಲ್ಲಿ ಬಸಿದು ಹಾಳಾಗುತ್ತದೆ. ಇದು ನಿಜ. ನ್ಯಾನೋ ಕಣ 20ರಿಂದ 50 ನ್ಯಾನೋಮೀಟರ್ ಅಷ್ಟೇ. ಮೀಟರಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್. ಹಾಗಾಗಿ ಎಲೆಯ ಉಸಿರಾಟದ ರಂಧ್ರದಲ್ಲಿ ನೇರ ಒಳಗೆ ಹೋಗುತ್ತದೆ, ಏನೂ ಹಾಳಾಗಲ್ಲ ಅನ್ನುತ್ತಾರೆ. ಸರಿ, ಒಪ್ಪೋಣ. ಚೀಲದ್ದು ಮುಕ್ಕಾಲು ಪಾಲು ಹಾಳಾದರೂ ಗಿಡಕ್ಕೆ ಐದು ಕೆ.ಜಿ. ಸಿಕ್ಕಿತು. ಬಾಟಲಿಯದ್ದು ಒಂದು ಹನಿಯೂ ಹಾಳಾಗದಿದ್ದರೂ ಸಿಗೋದು 20 ಗ್ರಾಂ. ಒಂದು ಟನ್ ಭತ್ತ ಬೆಳೆಯೋಕೆ ಪೈರು 15ರಿಂದ 20 ಕೆ.ಜಿ. ಸಾರಜನಕ ಎಳೆದುಕೊಳ್ಳುತ್ತದೆ. 20 ಗ್ರಾಂ ಯಾವ ಮೂಲೆಗೆ?

ಇನ್ನೊಂದು ತಮಾಷೆ. ಮಾಮೂಲಿ ಯೂರಿಯಾ ನೀರಲ್ಲಿ ಕರಗಿದರೆ ಬಿಡಿ ಬಿಡಿ ಅಣುವಾಗುತ್ತದೆ. ಆ ಅಣು ಒಂದು ನ್ಯಾನೋಮೀಟರಿಗಿಂತಲೂ ಸಣ್ಣದು. ಅಂದರೆ ಚಿಕ್ಕಪ್ಪನ ಕ್ಯಾನಿನಲ್ಲಿದ್ದದ್ದು ಬಾಟಲಿಯದ್ದಕ್ಕಿಂತ 'ನ್ಯಾನೋ' ಅಲ್ವಾ! ಚೀಲದ ಬೆಲೆ 266 ರೂಪಾಯಿ 50 ಪೈಸೆ. ಚಿಕ್ಕಪ್ಪನ ಮಡಿಗೆ ಎರಡು ಸಲ ಸೇರಿ ಎರಡು ಕೆ.ಜಿ.ಯೂ ಹಿಡಿಯಲಿಲ್ಲ, ಖರ್ಚು 12 ರೂಪಾಯಿ ಒಳಗೆ. ಅಷ್ಟರಲ್ಲಿ ಎಲೆಗೆ ಬಿದ್ದ ಸಾರಜನಕ ಸುಮಾರು 880 ಗ್ರಾಂ. ನ್ಯಾನೋ ಮಡಿಗೆ ಖರ್ಚು 112 ರೂಪಾಯಿ, ಬಿದ್ದದ್ದು 10 ಗ್ರಾಂ. (ಚೀಲದ ಬೆಲೆ ಇಷ್ಟು ಕಮ್ಮಿ ಇರೋದು ಸರ್ಕಾರದ ಸಹಾಯಧನದಿಂದ, ಅದು ಗೊತ್ತು. ಬಾಟಲಿಗೆ ಸಹಾಯಧನ ಇಲ್ಲ.)

ಕೊಯ್ಲಲ್ಲಿ ಮಿಷನ್ ಬಿಡದೆ ಕೈಯಲ್ಲೇ ಕೊಯ್ಯಿಸಿ, ಬಡಿಸಿ, ಒಣಗಿಸಿ ಬೇರೆ ಬೇರೆ ತೂಗಿದೆ. ಗುಂಟೆಗೆ ಚೀಲದ ಮಡಿ 61 ಕೆ.ಜಿ., ಯೂರಿಯಾ ನೀರಿನದು 55, ನ್ಯಾನೋ 52, ಖಾಲಿ ಮೂಲೆ 50. ನ್ಯಾನೋಗೂ ಖಾಲಿಗೂ ಇರುವ ಎರಡು ಕೆ.ಜಿ. ಗೊಬ್ಬರದ್ದೋ, ತಕ್ಕಡಿಯದ್ದೋ ನಾನು ಆಣೆ ಮಾಡಿ ಹೇಳಲಾರೆ. ಚೀಲಕ್ಕೂ ನ್ಯಾನೋಗೂ ಇರುವ ಒಂಬತ್ತು ಕೆ.ಜಿ. ಮಾತ್ರ ಎಕರೆಗೆ 3 ಕ್ವಿಂಟಲ್ 60 ಕೆ.ಜಿ. ಆಗುತ್ತದೆ. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,300. ಎಂಟು ಸಾವಿರ ದಾಟುವ ನಷ್ಟ.

ನನ್ನದು ಒಂದು ಗದ್ದೆ, ಒಂದು ಬೆಳೆ. ಇದನ್ನೇ ನಂಬಿ ಅಂತ ಹೇಳಲ್ಲ. ಆದರೆ ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಎರಡು ವರ್ಷ ಮಾಡಿದ ಪ್ರಯೋಗದಲ್ಲೂ ಭತ್ತದ ಇಳುವರಿ ಶೇ. 13, ಗೋಧಿಯದು ಶೇ. 21ಕ್ಕಿಂತ ಜಾಸ್ತಿ ಇಳಿದಿತ್ತು. ನನ್ನ ಲೆಕ್ಕವೂ ಅದರ ಹತ್ತಿರಕ್ಕೇ ಬಂದಾಗ ಸ್ವಲ್ಪ ಧೈರ್ಯ ಬಂತು.

ಹಾಗಂತ ನ್ಯಾನೋ ಅಂದ್ರೆ ಎಲ್ಲಾ ಬೊಗಳೆ ಅಂತ ನನಗನ್ನಿಸಿಲ್ಲ. ಸತುವಿನಂಥದ್ದು ಪೈರಿಗೆ ಬೇಕಾಗೋದೇ ಗ್ರಾಂ ಲೆಕ್ಕದಲ್ಲಿ. ಅಂಥದ್ದನ್ನು ಸಣ್ಣ ಕಣ ಮಾಡಿ ಎಲೆಗೆ ಕೊಟ್ಟರೆ ಕೆಲಸ ಆಗಬಹುದು, ಅದನ್ನು ಹಾಕಿ ನೋಡುವ ಆಸೆ ಇದೆ. ಸಾರಜನಕ ಕಿಲೋ ಲೆಕ್ಕದ ಊಟ. ಅನ್ನವನ್ನು ಎಷ್ಟು ಸಣ್ಣಗೆ ನುರಿದರೂ ಒಂದು ತುತ್ತು ಒಂದೇ ತುತ್ತು. ಈಗ ಅದೇ ಅಳತೆಯಲ್ಲಿ ಶೇ. 20 ಸಾರಜನಕ ಅಂತ ಹೊಸ ಬಾಟಲಿ ಬಂದಿದೆ. ಲೆಕ್ಕ ಹಾಕಿದೆ: 100 ಗ್ರಾಂ.

ನಮ್ಮಲ್ಲಿ ಈಗ ನಡೆಯುತ್ತಿರೋದು ಹೀಗೆ: ಚೀಲದ ಯೂರಿಯಾ ಎರಡು ಕಂತು, ನೀರು ಬಸಿದು ಕೆಸರಿಗೆ ಎರಚಿ ಮಾರನೇ ದಿನ ನೀರು ಕಟ್ಟೋದು. ಚೀಲ ಸಿಗದೆ ತಡವಾದರೆ ಚಿಕ್ಕಪ್ಪನ ಕ್ಯಾನು. ಉಳಿದ ಅರ್ಧ ಬಾಟಲಿಯನ್ನು ಅಮ್ಮ ಮಲ್ಲಿಗೆ ಗಿಡಕ್ಕೆ ಹೊಡೆದು ಮುಗಿಸಿದರು. ಹೂವು ಚೆನ್ನಾಗಿಯೇ ಬಿಟ್ಟಿತು, ಸಗಣಿ ಗೊಬ್ಬರವೂ ಹಾಕಿದ್ದರು ಅನ್ನಿ. ಮೊನ್ನೆ ಮತ್ತೆ ಎರಡು ಚೀಲ ತರೋಕೆ ಹೋಗಿದ್ದೆ. ಬಿಲ್ಲಿನ ಕೊನೆಯ ಸಾಲಲ್ಲಿ ಮತ್ತೊಂದು ಬಾಟಲಿ ಇತ್ತು.